ಅಕ್ಕಿಕಾಳು ಬಿದ್ದ ಮೇಲೆ

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ಕತ್ತೆತ್ತಿದರೆ ಮೇಲೆಲ್ಲ ಮದುವೆಯ ಸಂಭ್ರಮವೇ ಕಾಣುತ್ತದೆ. ಒಂದು ಕಡೆ ಗಿರಿಜಾ ಕಲ್ಯಾಣ, ಇನ್ನೊಂದು ಕಡೆ ಸೀತಾರಾಮರ ಮದುವೆ, ಮತ್ತೊಂದೆಡೆ ದ್ರೌಪದಿಗಾಗಿ ಮೀನಿಗೆ ಗುರಿಯಿಟ್ಟ ಅರ್ಜುನ, ಅಲ್ಲೇ ತಪಸ್ಸಿಗೆ ಕುಳಿತ ಶಿವನತ್ತ ಬಾಣ ಹೂಡಿದ ಮನ್ಮಥ. ಈ ಚಿತ್ತಾರ ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಿಕರು ಎಂಬುದು ಕೊಪ್ಪಳ ಸೀಮೆಯ ಗಟ್ಟಿ ನಂಬಿಕೆ. ಆ ಕೈಕೆಲಸ ಕಿನ್ನಾಳದಲ್ಲಿ ಇಂದಿಗೂ ಉಳಿದಿದೆ. ಗೋಣಿಯ ಚಿಂದಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಹಗುರ ಮರದ ಗೊಂಬೆಗೆ ಮೆತ್ತುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ದೇವಿಯ ಕೊರಳ ಸರ, ತೋಳಬಂದಿಗಳನ್ನು ಮೈಮೇಲೆ ಉಬ್ಬಿಸುತ್ತಾರೆ. ಬಣ್ಣ ಬರುವುದು ಆಮೇಲೆ. ದೇವಿಯ ಒಡವೆಯ ಒಂದೊಂದು ಮಣಿಗೂ ಇಷ್ಟು ಗಮನ ಕೊಡುವ ಕಲೆ ಮದುವೆಯ ಮರುದಿನದತ್ತ ತಿರುಗಿ ನೋಡಿದ್ದು ಕಡಿಮೆ. ಅದು ಆ ಕಲೆಯ ಕೊರತೆಯಲ್ಲ, ಗುಡಿಯ ಛತ್ತಿಗೆ ಬೇಕಾದದ್ದೇ ಮಂಗಲದ ಗಳಿಗೆ. ಆದರೆ ಅದೇ ಪದ್ಧತಿ ಸಿನಿಮಾಕ್ಕೂ ಬಂತು. ತೆರೆಯ ಮೇಲೆ ಅಕ್ಕಿಕಾಳು ಬಿತ್ತೆಂದರೆ ‘ಶುಭಂ’ ಬಂತೆಂದೇ ಲೆಕ್ಕ. ಜನ ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ.

ಅಕ್ಕಿಕಾಳು ಬಿದ್ದ ಮೇಲಿನ ಕಥೆಯನ್ನು ಹಾಲಿವುಡ್ ಒಂದು ಕಾಲದಲ್ಲಿ ಬಹಳ ಚೆನ್ನಾಗಿ ಹೇಳಿತು. 1934ರಿಂದ 1949ರವರೆಗಿನ ಹದಿನೈದು ವರ್ಷಗಳಲ್ಲಿ ಬಂದ ಕೆಲವು ಚಿತ್ರಗಳಲ್ಲಿ ಪ್ರಶ್ನೆ ಹುಡುಗ ಹುಡುಗಿ ಕೂಡುತ್ತಾರೋ ಇಲ್ಲವೋ ಎಂಬುದಾಗಿರಲಿಲ್ಲ. ಕೂಡಿದವರು, ಬೇರೆಯಾದವರು, ಬೇರೆಯಾಗಲು ಹೊರಟವರು ಮತ್ತೆ ಯಾಕೆ ಕೂಡಬೇಕು ಎಂಬುದಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕ್ಯಾವೆಲ್ 1981ರ ತನ್ನ ಪುಸ್ತಕದಲ್ಲಿ ಅಂಥ ಏಳು ಚಿತ್ರಗಳನ್ನು ಆರಿಸಿ, ಅವಕ್ಕೆ ಮರುಮದುವೆಯ ಹಾಸ್ಯಚಿತ್ರಗಳೆಂದು ಹೆಸರಿಟ್ಟ. ‘ಇಟ್ ಹ್ಯಾಪನ್ಡ್ ಒನ್ ನೈಟ್’, ‘ದಿ ಆಫುಲ್ ಟ್ರೂತ್’, ‘ಹಿಸ್ ಗರ್ಲ್ ಫ್ರೈಡೇ’, ‘ದಿ ಫಿಲಡೆಲ್ಫಿಯಾ ಸ್ಟೋರಿ’, ‘ಆ್ಯಡಮ್ಸ್ ರಿಬ್’ ಆ ಏಳರಲ್ಲಿ ಸೇರಿವೆ. ಗಂಡ ಹೆಂಡಿರಿಬ್ಬರೂ ಸರಿಸಮ ಮಾತಾಡಬಲ್ಲರು, ಜಗಳದಲ್ಲೂ ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿ ಕೊಡುತ್ತಾರೆ ಎಂಬುದೇ ಅವುಗಳ ಜೀವಾಳವೆಂದು ಅವನ ವಾದ. ಇದೇ ಕಣ್ಣಿನಿಂದ ಕನ್ನಡದ ಶ್ರೇಷ್ಠ ದಾಂಪತ್ಯ ಚಿತ್ರಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಚಿತ್ರಗಳಲ್ಲಿ ಹೆಂಡತಿಗೆ ಹಾಡಿದೆ, ಕಣ್ಣೀರಿದೆ, ಹುಚ್ಚಿದೆ, ಸಾವಿದೆ. ಗಂಡನೆದುರು ನಿಂತು ಆಡುವ ಮಾತು ಮಾತ್ರ ಅಪರೂಪ. ಇದಕ್ಕೆ ನಮ್ಮ ಸಂಸ್ಕೃತಿ ಕಾರಣ ಎಂದು ಬಹಳ ಜನ ಹೇಳುತ್ತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಕಡೆಯಿಂದ ನೋಡಿದಾಗ ಆ ಉತ್ತರ ನಿಲ್ಲುವುದಿಲ್ಲ. ಆ ಮಾತು ನಮ್ಮಲ್ಲಿ ಬಯಲಿನಲ್ಲಿ, ಆಟದಲ್ಲಿ, ಪಂಚರ ಕಟ್ಟೆಯ ಮುಂದೆ ಇತ್ತು. ಸಿನಿಮಾ ಅದನ್ನು ಬಿಟ್ಟು ಬೇರೆ ಮನೆಯ ಬಾಗಿಲು ತಟ್ಟಿತು.

ಮೊದಲು ಹಾಲಿವುಡ್ಡಿನ ಒಂದು ಚಿತ್ರವನ್ನು ಹತ್ತಿರದಿಂದ ನೋಡಬೇಕು. 1937ರ ‘ದಿ ಆಫುಲ್ ಟ್ರೂತ್’ ಚಿತ್ರಕ್ಕೆ ಲಿಯೋ ಮೆಕ್ಯಾರಿ ಶ್ರೇಷ್ಠ ನಿರ್ದೇಶಕನೆಂದು ಆಸ್ಕರ್ ಪಡೆದ. ಕ್ಯಾರಿ ಗ್ರಾಂಟ್, ಐರೀನ್ ಡನ್ ಗಂಡ ಹೆಂಡತಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಂಶಯ, ಕೋರ್ಟಿಗೆ ಹೋಗುತ್ತಾರೆ, ವಿಚ್ಛೇದನ ಸಿಗುತ್ತದೆ. ಆದರೆ ತೀರ್ಪು ಪೂರ್ತಿ ಜಾರಿಗೆ ಬರಲು 90 ದಿನ ಕಾಯಬೇಕು. ಸಾಕಿದ ನಾಯಿ ಯಾರಿಗೆ ಸೇರಬೇಕೆಂಬುದೂ ಕೋರ್ಟಿನಲ್ಲೇ ತೀರ್ಮಾನವಾಗುತ್ತದೆ. ಆ 90 ದಿನಗಳಲ್ಲಿ ಒಬ್ಬರು ಇನ್ನೊಬ್ಬರ ಹೊಸ ಸಂಬಂಧ ಕೆಡಿಸುತ್ತ, ಕೆಡಿಸುವ ನೆಪದಲ್ಲಿ ಮಾತಾಡುತ್ತ, ತಮ್ಮಿಬ್ಬರಿಗಷ್ಟೇ ತಿಳಿದ ಹಳೆಯ ತಮಾಷೆಗಳನ್ನು ಮತ್ತೆ ಎತ್ತುತ್ತ ಹೋಗುತ್ತಾರೆ. ಕೊನೆಯ ರಾತ್ರಿ ಗುಡ್ಡದ ಮೇಲಿನ ಒಂದು ಮನೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿದ್ದಾರೆ, ನಡುವೆ ಸರಿಯಾಗಿ ಚಿಲಕ ಬೀಳದ ಒಂದು ಬಾಗಿಲು. ಹನ್ನೆರಡು ಹೊಡೆದರೆ ಮದುವೆ ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಹುಡುಗ ಹುಡುಗಿಯ ಎರಡು ಪುಟ್ಟ ಗೊಂಬೆಗಳು ಗಂಟೆ ಹೊಡೆದಾಗೊಮ್ಮೆ ಹೊರಬಂದು ತಂತಮ್ಮ ಬಾಗಿಲಲ್ಲಿ ಒಳಹೋಗುತ್ತವೆ. ಕೊನೆಯ ಸಲ ಹುಡುಗ ಗೊಂಬೆ ತಿರುಗಿ ಹುಡುಗಿಯ ಬಾಗಿಲಲ್ಲೇ ಒಳಸೇರುತ್ತದೆ. ಕ್ಷಮಿಸು ಎಂದು ಯಾರೂ ಕಾಲಿಗೆ ಬೀಳುವುದಿಲ್ಲ, ಯಾರೂ ಸಾಯುವುದಿಲ್ಲ. ಇಡೀ ಚಿತ್ರದಲ್ಲಿ ಯಾರು ತಪ್ಪು ಮಾಡಿದರು ಎಂಬುದಕ್ಕೆ ಖಚಿತ ಉತ್ತರವೂ ಇಲ್ಲ. ಒಬ್ಬರ ಸಹವಾಸ ಇನ್ನೊಬ್ಬರಿಗೆ ಬೇಕೋ ಬೇಡವೋ ಎಂಬುದೊಂದೇ ಅಲ್ಲಿ ತೀರ್ಮಾನವಾಗಬೇಕಾದ ಸಂಗತಿ.

ಇಂಥ ಚಿತ್ರಗಳು ಆಕಾಶದಿಂದ ಇಳಿದವಲ್ಲ. ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿ ಆರು ವಾರ ತನ್ನಲ್ಲಿ ವಾಸವಿದ್ದವರಿಗೆ ವಿಚ್ಛೇದನ ಪಡೆಯುವ ಅವಕಾಶ ಕೊಟ್ಟಿತು, ರೀನೋ ಎಂಬ ಊರು ಅದಕ್ಕೇ ಪ್ರಸಿದ್ಧವಾಯಿತು. 1939ರ ‘ದಿ ವಿಮೆನ್’ ಚಿತ್ರದಲ್ಲಿ ಹೆಂಗಸರು ಒಬ್ಬರ ಹಿಂದೊಬ್ಬರು ಆ ಊರಿಗೇ ಹೋಗುತ್ತಾರೆ. ವಿಚ್ಛೇದನ ಎಂಬುದು ನೋಡುಗರಿಗೆ ಪತ್ರಿಕೆಯಲ್ಲಿ, ಪಕ್ಕದ ಮನೆಯಲ್ಲಿ ಪರಿಚಿತವಾಗಿದ್ದ ಸಂಗತಿ. ಇನ್ನೊಂದು ಕಡೆ, 1934ರ ಜುಲೈಯಿಂದ ಹಾಲಿವುಡ್ ಚಿತ್ರಗಳ ನೀತಿಕಟ್ಟಳೆಯಾದ ಹೇಸ್ ಸಂಹಿತೆ ಬಿಗಿಯಾಗಿ ಜಾರಿಗೆ ಬಂತು. ಮದುವೆಯ ಪಾವಿತ್ರ್ಯ ಕಾಪಾಡಬೇಕು, ಹಾದರವನ್ನು ಮೋಹಕವಾಗಿ ತೋರಿಸಬಾರದು ಎಂಬುದು ಅದರ ಕಟ್ಟಳೆ. ಕಥೆಗಾರರು ಇವೆರಡರ ನಡುವಿನ ಸಂದಿನಲ್ಲಿ ದಾರಿ ಮಾಡಿಕೊಂಡರು. ಮದುವೆಯಾಗದವರ ಸರಸಕ್ಕೆ ಕತ್ತರಿ ಬೀಳುತ್ತದೆ. ಒಂದು ಸಲ ಮದುವೆಯಾಗಿ ಬಿಟ್ಟವರ ಸರಸಕ್ಕೆ ಯಾರು ಏನೆನ್ನಬಲ್ಲರು? ‘ಹಿಸ್ ಗರ್ಲ್ ಫ್ರೈಡೇ’ ಚಿತ್ರದ ಮೂಲ 1928ರ ಒಂದು ರಂಗನಾಟಕ, ಅದರಲ್ಲಿ ಸಂಪಾದಕನೂ ವರದಿಗಾರನೂ ಇಬ್ಬರು ಗಂಡಸರು. ನಿರ್ದೇಶಕ ಹೊವಾರ್ಡ್ ಹಾಕ್ಸ್ ವರದಿಗಾರನನ್ನು ಹೆಣ್ಣಾಗಿಸಿ, ಆಕೆಯನ್ನು ಸಂಪಾದಕನ ಬಿಟ್ಟ ಹೆಂಡತಿಯನ್ನಾಗಿ ಮಾಡಿದ. ನಾಟಕದ ವೃತ್ತಿಜಗಳ ಒಂದೇ ಏಟಿಗೆ ದಾಂಪತ್ಯದ ಜಗಳವಾಯಿತು. ರೋಸಲಿಂಡ್ ರಸೆಲ್ ಅದರಲ್ಲಿ ಗ್ರಾಂಟನ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟಿರುತ್ತಾಳೆ. ಬಾಗಿಲು ತೆರೆದಿದೆ, ಬೇಕಾದರೆ ಹೊರಗೆ ಹೋಗಬಹುದು ಎಂಬ ಧೈರ್ಯ ಇದ್ದವರಷ್ಟೇ ಹಾಗೆ ಮಾತಾಡಬಲ್ಲರು. ನನ್ನ ವಾದದ ತಿರುಳು ಇರುವುದು ಇಲ್ಲಿಯೇ.

ಈಗ ನಮ್ಮ ಚಿತ್ರಗಳಿಗೆ ಬರೋಣ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಮದುವೆಯೆಂಬ ಸಂಸ್ಥೆಯನ್ನು ಹಿಡಿದು ಪ್ರಶ್ನಿಸಿದ ದೊಡ್ಡ ನಿರ್ದೇಶಕರು. 1967ರ ‘ಬೆಳ್ಳಿಮೋಡ’ದಲ್ಲಿ ಇಂದಿರೆಯ ಮದುವೆ ನಿಶ್ಚಯವಾಗುವುದು ಆಕೆಯ ತಂದೆಯ ಆಸ್ತಿಯ ನೆರಳಿನಲ್ಲಿ. ಆ ಹಣದಲ್ಲಿ ಮೋಹನ ಅಮೆರಿಕಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟಿರುತ್ತಾನೆ, ಆಸ್ತಿ ಕೈತಪ್ಪಿರುತ್ತದೆ, ಮೋಹನನ ಮನಸ್ಸು ಬದಲಾಗುತ್ತದೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಆರೈಕೆ ಮಾಡುವವಳು ಅವಳೇ. ಕರಗಿದ ಅವನು ಮದುವೆಯಾಗೋಣ ಎಂದಾಗ ಅವಳು ಬೇಡ ಎನ್ನುತ್ತಾಳೆ. ಕನ್ನಡ ತೆರೆಯ ಮೇಲೆ ಹೆಣ್ಣೊಬ್ಬಳು ಹೇಳಿದ ಅತಿ ಘನವಾದ ‘ಬೇಡ’ ಅದು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆಪೂಜೆ’ಯಲ್ಲಿ ಗೆಜ್ಜೆ ಕಟ್ಟುವ ಮನೆತನದ ಚಂದ್ರಾಳಿಗೆ ಬೇಕಾದದ್ದು ಎಲ್ಲರಂಥ ಒಂದು ಮದುವೆ. ಅದು ದಕ್ಕದೆ ಕೊನೆಗೆ ಅವಳು ಸಾವನ್ನೇ ಆರಿಸಿಕೊಳ್ಳುತ್ತಾಳೆ. ಭಾರತೀಸುತರ ಕಾದಂಬರಿ ಆಧರಿಸಿದ, 1973ರ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಯುದ್ಧದಲ್ಲಿ ಗಾಯಗೊಂಡು ದಾಂಪತ್ಯ ಸುಖಕ್ಕೆ ಅಸಮರ್ಥನಾದ ಗಂಡ, ಕಿರಿಯನೊಬ್ಬನತ್ತ ಸೆಳೆಯಲ್ಪಡುವ ಹೆಂಡತಿ. ಜಯಂತಿಯವರ ಆ ಮಾಧವಿಗೆ ಪುಟ್ಟಣ್ಣ ಎಷ್ಟು ಕರುಣೆ ತೋರಿದರೂ ಕಥೆ ಮುಗಿಯುವುದು ಅವಳ ಸಾವಿನಲ್ಲಿ. ಎನ್. ಲಕ್ಷ್ಮೀನಾರಾಯಣ್ ಅವರ ‘ಉಯ್ಯಾಲೆ’ 1969ರದು, ಚದುರಂಗರ ಕಾದಂಬರಿ. ಪುಸ್ತಕಗಳಲ್ಲೇ ಮುಳುಗಿದ ಪ್ರಾಧ್ಯಾಪಕ, ಮನೆಗೆ ಬಂದ ಇನ್ನೊಬ್ಬ, ನಡುವೆ ಹೆಂಡತಿಯಾಗಿ ಕಲ್ಪನಾ. ಎಷ್ಟು ಮೆತ್ತಗೆ, ಎಷ್ಟು ಪ್ರಾಮಾಣಿಕವಾಗಿ ಮಾಡಿದ ಚಿತ್ರ! ಅಲ್ಲಿಯೂ ಹೆಂಡತಿ ತನ್ನ ಒಂಟಿತನವನ್ನು ಹೇಳಬೇಕಾದವನಿಗೆ ಹೇಳುವುದಿಲ್ಲ. ನೋಡುಗರಿಗೆ ಎಲ್ಲ ಗೊತ್ತಾಗುತ್ತದೆ, ಗಂಡನಿಗೆ ಗೊತ್ತಾಗುವುದಿಲ್ಲ.

‘ಶರಪಂಜರ’ ಇವೆಲ್ಲದರ ಶಿಖರ. ತ್ರಿವೇಣಿಯವರ ಕಾದಂಬರಿ, 1971ರ ಚಿತ್ರ, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಮೆಚ್ಚಿ ಮದುವೆಯಾದ ಕಾವೇರಿ ಎರಡನೆಯ ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗುತ್ತಾಳೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆ ಗುಣಮಾಡಿದವಳನ್ನು ಮನೆ ಮತ್ತೆ ಹುಚ್ಚಿಯಾಗಿಸುತ್ತದೆ. ಅವಳು ಆಡಿದ ಸಾಧಾರಣ ಮಾತಿಗೂ ಸುತ್ತಲಿನವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಕೋಪ ಬಂದರೆ ರೋಗ, ನಕ್ಕರೂ ರೋಗ. ಗಂಡನ ಪಾಪವನ್ನು ಎತ್ತಿ ತೋರಿಸಿದರೆ ಅದಂತೂ ರೋಗವೇ. ಹಾಲಿವುಡ್ಡಿನ 1944ರ ‘ಗ್ಯಾಸ್‌ಲೈಟ್’ ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಚಿತ್ರ. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದುಕೊಟ್ಟ ಆ ಪಾತ್ರವನ್ನೂ ಗಂಡ ಹುಚ್ಚಿಯೆಂದು ನಂಬಿಸಲು ಹೊರಡುತ್ತಾನೆ. ಆದರೆ ಆ ಗಂಡ ಒಡವೆಗಾಗಿ ಬಂದ ಕೊಲೆಗಾರ. ಪೊಲೀಸ್ ಅಧಿಕಾರಿಯೊಬ್ಬ ಬಂದು ಬಿಡಿಸುತ್ತಾನೆ, ಆಮೇಲೆ ಹೆಂಡತಿ ಆ ಗಂಡನೆದುರು ನಿಂತು ಅವನದೇ ಆಟವನ್ನು ಅವನ ಮೇಲೆ ತಿರುಗಿಸಿ ಮಾತಾಡುತ್ತಾಳೆ. ‘ಶರಪಂಜರ’ದಲ್ಲಿ ಕೊಲೆಗಾರನಿಲ್ಲ, ಇರುವವರೆಲ್ಲ ಮರ್ಯಾದಸ್ಥರು. ಆದ್ದರಿಂದಲೇ ಬಿಡಿಸಲು ಯಾರೂ ಬರುವುದಿಲ್ಲ. ವಿಷಯ ಹಿಡಿದ ಆಳದಲ್ಲಿ ಪುಟ್ಟಣ್ಣನವರದು ದೊಡ್ಡ ಚಿತ್ರ, ಅದರಲ್ಲಿ ನನಗೆ ಸಂದೇಹವಿಲ್ಲ. ಕಾನೂನು ಕೂಡ ಆ ಮನೆಯ ಪರವಾಗಿಯೇ ಇತ್ತೆಂಬುದನ್ನು ಗಮನಿಸಬೇಕು. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ಕೊಟ್ಟ ಕಾರಣಗಳಲ್ಲಿ ಗುಣವಾಗದ ಮಾನಸಿಕ ಅಸ್ವಸ್ಥತೆಯೂ ಒಂದು. ಒಪ್ಪಿ ಬೇರೆಯಾಗುವ ದಾರಿ ಕಾಯ್ದೆಗೆ ಸೇರಿದ್ದು 1976ರಲ್ಲಿ. ಅಂದರೆ ಕಾವೇರಿಯ ಕಾಲದ ಕಾಯ್ದೆಯಲ್ಲಿ ಹೆಂಡತಿಯನ್ನು ಹುಚ್ಚಿಯೆಂದು ಬಿಡಲು ಕಲಮು ಇತ್ತು. ಇಬ್ಬರೂ ಕೂತು ಮಾತಾಡಿ ಬಿಡಲು ಇರಲಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದೇ. ನಮ್ಮಲ್ಲಿ ಮದುವೆ ಒಂದು ಸಂಸ್ಕಾರ, ಏಳು ಜನ್ಮದ ಬಂಧ. ಬಿಡುವ ಕೂಡುವ ಆಟ ಅಮೆರಿಕದವರದು, ಅಂಥ ಹಾಸ್ಯ ನಮಗೆ ಒಗ್ಗುವುದಿಲ್ಲ ಎಂಬುದು. ಇದನ್ನು ಹೇಳುವವರು ಕೊಪ್ಪಳ, ರಾಯಚೂರು, ಬಿಜಾಪುರ, ಧಾರವಾಡ ಸೀಮೆಯ ಹಳ್ಳಿಗಳನ್ನು ಮರೆತು ಮಾತಾಡುತ್ತಾರೆ. ಈ ಕಡೆಯ ಅನೇಕ ಜಾತಿಗಳಲ್ಲಿ ಸೋಡಚೀಟಿ ಎಂಬುದಿತ್ತು. ಹೊಂದಾಣಿಕೆಯಾಗದ ಗಂಡ ಹೆಂಡತಿ ಪಂಚರ ಮುಂದೆ ಸಂಬಂಧ ಕಡಿದುಕೊಂಡು, ಕೊಟ್ಟದ್ದು ತಂದದ್ದರ ಲೆಕ್ಕ ಹರಿದುಕೊಳ್ಳುತ್ತಿದ್ದರು. ಬಿಟ್ಟವಳು, ಗಂಡ ಸತ್ತವಳು ಮತ್ತೆ ಮನೆ ಕಟ್ಟಲು ಉಡಿಕೆ ಇತ್ತು. ಸೀರೆ ಉಡಿಸಿ, ಹಿರಿಯರ ಒಪ್ಪಿಗೆಯಿಂದ ಹೊಸ ಸಂಸಾರ ಹೂಡುವ ಪದ್ಧತಿ ಅದು. ಕಾನೂನು ಇದನ್ನು ಅಳಿಸಿಯೂ ಹಾಕಲಿಲ್ಲ. 1955ರ ಅದೇ ಕಾಯ್ದೆಯ 29ನೆಯ ಕಲಮು ರೂಢಿಯ ಪ್ರಕಾರ ಪಡೆದ ವಿಚ್ಛೇದನದ ಹಕ್ಕನ್ನು ಹಾಗೆಯೇ ಉಳಿಸಿತು. ಉಡಿಕೆಯನ್ನು ಚಿನ್ನದ ತಗಡಿನಲ್ಲಿ ಸುತ್ತಿ ತೋರಿಸುವ ಉದ್ದೇಶ ನನ್ನದಲ್ಲ. ಮೊದಲ ಮದುವೆಯ ಸಡಗರ ಅದಕ್ಕೆ ಇರಲಿಲ್ಲ, ಉಡಿಕೆಯಾದವಳನ್ನು ಎಷ್ಟೋ ಕಡೆ ಮಂಗಲ ಕಾರ್ಯಗಳಲ್ಲಿ ಹಿಂದೆ ಕೂಡಿಸಿದರು, ಪಂಚರ ಕಟ್ಟೆಯ ಮೇಲೆ ಕುಳಿತವರೆಲ್ಲ ಗಂಡಸರೇ. ಆದರೂ ಹೊರಗೆ ಹೋಗುವ ಬಾಗಿಲು ಇತ್ತು, ಒಳಗೆ ಬರುವ ಇನ್ನೊಂದು ಬಾಗಿಲೂ ಇತ್ತು. ಜಾತ್ರೆಯ ಟೆಂಟಿನಲ್ಲಿ ಕೂತು ‘ಶರಪಂಜರ’ ನೋಡಿ ಅತ್ತ ಹೆಂಗಸರಲ್ಲಿ ಎಷ್ಟೋ ಜನರಿಗೆ ಸೋಡಚೀಟಿಯ ಸುದ್ದಿ ಹೊಸದಾಗಿರಲಾರದು. ಅವರ ಬದುಕು ತೆರೆಯ ಮೇಲೆ ಬರಲಿಲ್ಲ, ಅಷ್ಟೆ.

ಇನ್ನು ಮಾತು. ಗಂಡನೊಡನೆ ಸರಿಸಮ ವಾದಕ್ಕಿಳಿಯುವ ಹೆಂಡತಿಯನ್ನು ಉತ್ತರ ಕರ್ನಾಟಕದ ಜನ ಬೆಳತನಕ ಕುಳಿತು ನೋಡಿದ್ದಾರೆ. ಅವಳ ಹೆಸರು ಸತ್ಯಭಾಮೆ. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ಊರೂರಿಗೆ ಒಯ್ದ ‘ಶ್ರೀಕೃಷ್ಣ ಪಾರಿಜಾತ’ದ ಕಥೆ ಇಷ್ಟೇ. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ಮುನಿಯುತ್ತಾಳೆ, ಕೃಷ್ಣ ಅವಳನ್ನು ರಮಿಸಬೇಕು. ಇಡೀ ಆಟ ನಿಂತಿರುವುದು ಈ ಮುನಿಸಿನ ಮೇಲೆ. ಲೋಕವನ್ನೇ ಆಳುವ ಗಂಡ ಹೆಂಡತಿಯ ಮಾತಿಗೆ ಉತ್ತರವಿಲ್ಲದೆ ತಡವರಿಸುವುದನ್ನು ನೋಡುವುದರಲ್ಲಿ ಜನರಿಗೆ ಪರಮಾನಂದ. ಕೌಜಲಗಿ ನಿಂಗಮ್ಮ ಆ ಕಾಲದಲ್ಲಿ ಗಂಡಸರೇ ಕಟ್ಟುತ್ತಿದ್ದ ಭಾಮೆಯ ವೇಷವನ್ನು ತಾವೇ ಕಟ್ಟಿ ಹೆಸರಾದರು. ಭಾಮೆಯ ಮಾತು ಒಬ್ಬ ಹೆಣ್ಣಿನ ಬಾಯಿಂದಲೇ ಹೊರಟಾಗ ಆ ಆಟದ ಕಸುವು ಬೇರೆಯಾಗಿರಬೇಕು. ಸಂಸ್ಕೃತದ ಒಂದು ಪ್ರಸಿದ್ಧ ಚಾಟುವಿನಲ್ಲೂ ಇದೇ ಜೋಡಿ. ಬಾಗಿಲು ತಟ್ಟಿದ ಕೃಷ್ಣ ತನ್ನ ಒಂದೊಂದು ಬಿರುದನ್ನು ಹೇಳುತ್ತ ಹೋದಂತೆ, ಒಳಗಿನಿಂದ ಭಾಮೆ ಅದಕ್ಕೆ ಬೇರೆ ಅರ್ಥ ಹಚ್ಚಿ ಅವನನ್ನು ಕುಂಬಾರನನ್ನಾಗಿ, ಹಾವನ್ನಾಗಿ, ಕೋತಿಯನ್ನಾಗಿ ಮಾಡುತ್ತಾಳೆ. ಕ್ಯಾವೆಲ್ ಏಳು ಚಿತ್ರಗಳಲ್ಲಿ ಕಂಡ ಲಕ್ಷಣಗಳೆಲ್ಲ ಇಲ್ಲಿವೆ: ಮದುವೆಯಾಗಿ ಹಳಬರಾದ ಜೋಡಿ, ಮುರಿದ ನಂಬಿಕೆ, ನಡುವೆ ಮುಚ್ಚಿದ ಬಾಗಿಲು, ಮಾತಿನಿಂದಲೇ ಮತ್ತೆ ಕೂಡುವುದು. ನಮ್ಮ ಮರುಮದುವೆಯ ಹಾಸ್ಯನಾಟಕ ಪಾರಿಜಾತವೇ.

ಪಾರಿಜಾತದಲ್ಲಿ ಇರುವವರು ದೇವರು, ದೇವರಿಗೆ ಎಲ್ಲ ಸಲ್ಲುತ್ತದೆ ಎನ್ನುವವರಿಗೆ ‘ಸಂಗ್ಯಾ ಬಾಳ್ಯಾ’ ಇದೆ. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆನ್ನುವ ಕೊಲೆಯೊಂದರ ಸುತ್ತ ಕಟ್ಟಿದ ಈ ಸಣ್ಣಾಟದಲ್ಲಿ ಸಂಗ್ಯಾ ಬಯಸುವುದು ಮದುವೆಯಾದ ಗಂಗಾಳನ್ನು. ಗಂಗಾ ಮೊದಲು ಬೈಯುತ್ತಾಳೆ, ವಾದಿಸುತ್ತಾಳೆ, ತೂಗಿ ನೋಡುತ್ತಾಳೆ, ಕೊನೆಗೆ ಒಪ್ಪುತ್ತಾಳೆ. ಸಂಗ್ಯಾ ಕೊಲೆಯಾಗುತ್ತಾನೆ. ದುರಂತ ಹೌದು, ಆದರೆ ಆ ಹೆಂಗಸು ಮೂಕಿಯಲ್ಲ. ತನ್ನ ಆಸೆ ಏನು, ತನ್ನ ಭಯ ಏನು ಎಂಬುದನ್ನು ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಅಕ್ಷರ ಕಲಿಯದ ರೈತರು ಕುಣಿದು ಹಾಡಿದ ಆಟಕ್ಕೆ ಇದು ಸಾಧ್ಯವಾಗಿತ್ತೆಂದರೆ, ಇಂಥ ಮಾತು ನಮ್ಮ ಮಣ್ಣಿಗೆ ಒಗ್ಗದು ಎಂಬ ವಾದಕ್ಕೆ ಬುಡವೇ ಇಲ್ಲ.

ಹಾಗಾದರೆ ಸಿನಿಮಾ ಯಾಕೆ ಈ ದಾರಿ ಹಿಡಿಯಲಿಲ್ಲ? ಉತ್ತರ ಬಹಳ ದೂರ ಇಲ್ಲ. ಅರವತ್ತು ಎಪ್ಪತ್ತರ ದಶಕದ ಗಂಭೀರ ದಾಂಪತ್ಯ ಚಿತ್ರಗಳಲ್ಲಿ ಹೆಚ್ಚಿನವು ಬಂದದ್ದು ಕಾದಂಬರಿಗಳಿಂದ. ಆ ಕಾದಂಬರಿಗಳ ಲೋಕ ಮುಖ್ಯವಾಗಿ ಹಳೆ ಮೈಸೂರು, ಮಲೆನಾಡುಗಳ ಓದಿದ ಮಧ್ಯಮವರ್ಗದ ಮನೆ. ವಿಧವೆಗೆ, ಬಿಟ್ಟವಳಿಗೆ ಎರಡನೆಯ ಬಾಗಿಲೇ ಇಲ್ಲದ ಮನೆ ಅದು. ತ್ರಿವೇಣಿ, ಎಂ.ಕೆ. ಇಂದಿರಾ ತಾವು ಕಂಡ ಆ ಮನೆಯ ಹೊಗೆಯನ್ನು ಬರೆದರು, ಅದು ಅವರ ಸತ್ಯ. ಆದರೆ ಸಿನಿಮಾ ಅದನ್ನೇ ಇಡೀ ಕನ್ನಡನಾಡಿನ ಹೆಣ್ಣಿನ ಕಥೆಯೆಂಬಂತೆ ದೊಡ್ಡ ತೆರೆಯ ಮೇಲೆ ಹರಡಿತು. ಉತ್ತರ ಕರ್ನಾಟಕದಿಂದ ಅದು ಏನನ್ನೂ ತೆಗೆದುಕೊಳ್ಳಲಿಲ್ಲವೆಂದಲ್ಲ. ತೆಗೆದುಕೊಂಡದ್ದೇನೆಂಬುದೇ ಕುತೂಹಲದ ಸಂಗತಿ. ಹುನಗುಂದ ಸೀಮೆಯ ನಾಟಕಕಾರ ಪಿ.ಬಿ. ಧುತ್ತರಗಿ ಅವರ ಕಂಪನಿ ನಾಟಕ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್, ಮಂಜುಳಾ ಜೋಡಿಯ ಚಿತ್ರವಾಗಿ ಜನರನ್ನು ಗೆದ್ದಿತು. ಸಿರಿವಂತಿಕೆಯ ಸೊಕ್ಕಿನ ಹುಡುಗಿಗೆ ಬುದ್ಧಿ ಕಲಿಸುವ ಕಥೆ. 1976ರ ‘ಬಹದ್ದೂರ್ ಗಂಡು’ ಅದೇ ಜಾಡಿನದು. ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ಆಧರಿಸಿ ಪರ್ವತವಾಣಿ ಕನ್ನಡಕ್ಕೆ ತಂದ ನಾಟಕವೇ 1989ರ ‘ನಂಜುಂಡಿ ಕಲ್ಯಾಣ’ದ ಬೇರು. ಈ ಚಿತ್ರಗಳ ಹುಡುಗಿಗೆ ಮಾತಿದೆ, ಬೇಕಾದಷ್ಟಿದೆ. ಆದರೆ ಆ ಮಾತು ಇರುವುದೇ ಅಡಗಿಸಿಕೊಳ್ಳಲು. ಕೊನೆಯ ರೀಲಿಗೆ ಅವಳು ಮೆತ್ತಗಾಗುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಭಾಮೆಯ ಮುನಿಸಿಗೆ ಕೃಷ್ಣ ಸೋಲುತ್ತಾನೆ, ಇಲ್ಲಿ ಸೋಲುವವಳು ಹುಡುಗಿಯೇ. ಒಟ್ಟಿನಲ್ಲಿ ನಮ್ಮ ತೆರೆಯ ಮೇಲೆ ಗಂಭೀರ ಚಿತ್ರದ ಹೆಂಡತಿ ಮಾತಿಲ್ಲದೆ ಕುಸಿದಳು, ಹಾಸ್ಯಚಿತ್ರದ ಹೆಂಡತಿ ಮಾತಾಡಿ ಮಣಿದಳು.

ಹಾಲಿವುಡ್ಡಿನ ಸಮಾನತೆಯೂ ಅಷ್ಟರಲ್ಲೇ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. 1940ರ ‘ದಿ ಫಿಲಡೆಲ್ಫಿಯಾ ಸ್ಟೋರಿ’ ಶುರುವಾಗುವುದೇ ಕ್ಯಾರಿ ಗ್ರಾಂಟ್ ಹೆಂಡತಿ ಕ್ಯಾಥರೀನ್ ಹೆಪ್‌ಬರ್ನ್‌ಳ ಮುಖಕ್ಕೆ ಕೈಯಿಟ್ಟು ನೆಲಕ್ಕೆ ದಬ್ಬುವುದರಿಂದ, ಅದನ್ನು ನಗೆಯೆಂದೇ ತೋರಿಸಿದ್ದಾರೆ. ಮುಂದೆ ಅವಳ ತಂದೆ, ತನ್ನ ಪರಸ್ತ್ರೀ ವ್ಯಾಮೋಹಕ್ಕೂ ಮಗಳ ಕಲ್ಲುಮನಸ್ಸೇ ಕಾರಣವೆಂಬಂತೆ ಅವಳಿಗೇ ಉಪದೇಶ ಮಾಡುತ್ತಾನೆ. ಇದು ಕೂಡ ಪಳಗಿಸುವ ಕಥೆಯೇ, ಬಟ್ಟೆ ಮಾತ್ರ ರೇಷ್ಮೆಯದು. ಆ ಜೋಡಿಗಳೆಲ್ಲ ಬಿಳಿಯರು, ಬಹುತೇಕ ಅನುಕೂಲಸ್ಥರು, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲೂ ಹಣದ ಚಿಂತೆಯಿಲ್ಲದವರು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಆ ಮನೆಗಳಲ್ಲಿ ಮಕ್ಕಳಿಲ್ಲ. ಕ್ಯಾವೆಲ್ ಕೂಡ ಇದನ್ನು ಗಮನಿಸಿದ್ದಾನೆ. ನಾಯಿ ಯಾರಿಗೆಂದು ಕೋರ್ಟಿನಲ್ಲಿ ನಗಬಹುದು, ಮಗು ಯಾರಿಗೆಂದು ನಗಲಾಗದು. ಹೆರಿಗೆ ಹೆಣ್ಣಿನ ಮೈಗೂ ಮನಸ್ಸಿಗೂ ಏನು ಮಾಡಬಲ್ಲುದು ಎಂಬುದನ್ನು ಕೇಳುವ ಧೈರ್ಯ ಆ ಹಾಸ್ಯಚಿತ್ರಗಳಿಗೆ ಇರಲಿಲ್ಲ. ‘ಶರಪಂಜರ’ಕ್ಕೆ ಇತ್ತು. ಆದರೂ 1949ರ ‘ಆ್ಯಡಮ್ಸ್ ರಿಬ್’ ನೋಡಿದರೆ ನನ್ನ ಮಾತಿಗೆ ಆಧಾರ ಸಿಗುತ್ತದೆ. ಗಂಡ ಸರ್ಕಾರಿ ವಕೀಲ, ಹೆಂಡತಿಯೂ ವಕೀಲೆ. ಮೋಸ ಮಾಡಿದ ಗಂಡನ ಮೇಲೆ ಗುಂಡು ಹಾರಿಸಿದ ಬಡ ಹೆಂಗಸೊಬ್ಬಳ ಮೊಕದ್ದಮೆಯಲ್ಲಿ ಇಬ್ಬರೂ ಎದುರು ಬದುರು. ಹಗಲು ಕೋರ್ಟಿನಲ್ಲಿ ವಾದ, ಸಂಜೆ ಅಡಿಗೆಮನೆಯಲ್ಲಿ ಅದೇ ವಾದ. ಗೆಲ್ಲುವವಳು ಹೆಂಡತಿ, ಗೆದ್ದದ್ದರಿಂದ ಮನೆ ಮುರಿಯುವ ಹಂತಕ್ಕೆ ಬರುತ್ತದೆ, ಮತ್ತೆ ಕೂಡುತ್ತದೆ. ಇದನ್ನು ಬರೆದ ರೂತ್ ಗಾರ್ಡನ್ ಮತ್ತು ಗಾರ್ಸನ್ ಕೇನಿನ್ ನಿಜ ಬದುಕಿನಲ್ಲೂ ಗಂಡ ಹೆಂಡತಿ. ಚಿತ್ರಕಥೆಯ ಮೇಜಿನ ಎರಡೂ ಬದಿ ಒಂದೊಂದು ದನಿ ಕುಳಿತಿತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಹಾಸ್ಯ ಬೇಕೆನ್ನುವುದು ಸುಲಭ, ಆದರೆ ಹೆಣ್ಣಿನ ಬದುಕು ಉರಿಯುತ್ತಿರುವಾಗ ಕಣ್ಣೀರೇ ಸರಿಯಾದ ಸಾಕ್ಷಿ ಎಂಬುದು. ಕೊಪ್ಪಳದಲ್ಲಿ ಕುಳಿತು ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹುಲಿಗಿಯ ಹುಲಿಗೆಮ್ಮನ ಈ ಸೀಮೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳನ್ನು ಬಲ್ಲದು. ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ, ಆ ಪದ್ಧತಿ ಬೇರೂರಿದ್ದ ಜಿಲ್ಲೆಗಳ ಪಟ್ಟಿಯಲ್ಲಿ ಕೊಪ್ಪಳವೂ ಇದೆ. ದೇವಿಯ ಹೆಸರಿನಲ್ಲಿ ಕಟ್ಟಿದ ಮುತ್ತು ಆ ಹುಡುಗಿಗೆ ಗಂಡನನ್ನು ಕೊಡುವುದಿಲ್ಲ, ಜಗಳವಾಡಲು ಮನೆಯನ್ನೂ ಕೊಡುವುದಿಲ್ಲ. ಭಾಮೆಯ ಹಾಗೆ ಮುನಿಯಬೇಕೆಂದರೆ ಮುನಿಸನ್ನು ಕೇಳಿಸಿಕೊಳ್ಳಬೇಕಾದ ಒಬ್ಬನು ಬಾಗಿಲಾಚೆ ಇರಬೇಕು. ಆದ್ದರಿಂದ ‘ಗೆಜ್ಜೆಪೂಜೆ’ಯ ಚಂದ್ರಾ ಅತ್ತದ್ದು ಸರಿ, ಆ ಕಥೆ ದುರಂತವಾಗಲೇಬೇಕಿತ್ತು. ದುರಂತ ಚಿತ್ರಗಳನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಮನೆಯೂ ಗಂಡನೂ ಓದೂ ಇದ್ದ ಹೆಂಗಸರಿಗೂ ನಮ್ಮ ಸಿನಿಮಾ ಅದೇ ಒಂದು ಗತಿಯನ್ನೇ ಯಾಕೆ ಬರೆಯಿತು ಎಂಬುದು ನನ್ನ ಪ್ರಶ್ನೆ. ‘ಉಯ್ಯಾಲೆ’ಯ ಹೆಂಡತಿ ಒಂದು ಸಂಜೆ ಪುಸ್ತಕ ಕಿತ್ತಿಟ್ಟು ಗಂಡನ ಮುಂದೆ ಕುಳಿತು ಮಾತಾಡಿದ್ದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಚಿತ್ರಕ್ಕೆ ಎರಡನೆಯ ಅಂಕವೊಂದು ಸಿಗುತ್ತಿತ್ತು.

ಹಾಲಿವುಡ್ಡಿನಿಂದ ನಾವು ಕಡ ತರಲೇ ಇಲ್ಲವೆಂದೂ ಅಲ್ಲ. ಆ ಏಳರಲ್ಲಿ ಮೊದಲನೆಯದಾದ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಐದು ಮುಖ್ಯ ಆಸ್ಕರ್‌ಗಳನ್ನು ಬಾಚಿಕೊಂಡ ಚಿತ್ರ. ಅದು ಹಿಂದಿಯಲ್ಲಿ 1956ರ ‘ಚೋರಿ ಚೋರಿ’ಯಾಯಿತು, 1991ರಲ್ಲಿ ‘ದಿಲ್ ಹೈ ಕೆ ಮಾನ್ತಾ ನಹೀಂ’ ಆಯಿತು, 2007ರಲ್ಲಿ ಗಣೇಶ್ ಅಭಿನಯದ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು. ಓಡಿಹೋದ ಸಿರಿವಂತರ ಹುಡುಗಿ, ಬಸ್ಸಿನಲ್ಲಿ ಸಿಕ್ಕ ಹುಡುಗ, ಜಗಳದ ಪ್ರಯಾಣ ಎಲ್ಲ ಸಲೀಸಾಗಿ ಗಡಿ ದಾಟಿದವು. ಮೂಲದಲ್ಲಿ ಆ ಹುಡುಗಿ ಆಗಲೇ ಮದುವೆಯಾದವಳು, ಅವಳ ತಂದೆ ಆ ಮದುವೆಯನ್ನು ರದ್ದು ಮಾಡಿಸಲು ಓಡಾಡುತ್ತಾನೆ. ಗಡಿಯಲ್ಲಿ ಉಳಿದದ್ದು ಇದೊಂದೇ. ಮದುವೆಯಾದ ಹೆಣ್ಣು ಇನ್ನೊಬ್ಬನೊಡನೆ ಪ್ರಯಾಣ ಮಾಡುತ್ತ ಪ್ರೀತಿಸಿದಳೆಂಬುದನ್ನು ನಮ್ಮ ಜನಪ್ರಿಯ ಸಿನಿಮಾ ಪ್ರಣಯದ ಕಥೆಯಾಗಿ ಹೇಳಲಾರದೆ ಹೋಯಿತು. ಇತ್ತೀಚೆಗೆ 2018ರ ‘ನಾತಿಚರಾಮಿ’ ಗಂಡ ಸತ್ತ ಹೆಣ್ಣಿನ ಬಯಕೆಯನ್ನು ನೇರವಾಗಿ, ಗೌರವದಿಂದ ಮಾತಿಗೆ ತಂದಿತು. ಆ ಚಿತ್ರದ ಬಗ್ಗೆ ನನಗೆ ಬಹಳ ಮೆಚ್ಚಿಗೆ ಇದೆ. ಅಲ್ಲಿಯೂ ಸಂವಾದದ ಇನ್ನೊಂದು ತುದಿಯಲ್ಲಿ ಗಂಡನಿಲ್ಲ, ಅವನು ತೀರಿಕೊಂಡಿದ್ದಾನೆ.

ಕಥೆಗೆ ಬೇಕಾದ ಸಾಮಗ್ರಿ ಕಾನೂನಿನಲ್ಲೇ ಸಿದ್ಧವಾಗಿ ಬಿದ್ದಿದೆ. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಸೇರಿದ 13-ಬಿ ಕಲಮಿನ ಪ್ರಕಾರ ಒಪ್ಪಿ ಬೇರೆಯಾಗುವ ದಂಪತಿ ಮೊದಲ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳ ಒಳಗೆ ಮತ್ತೆ ಬಂದು, ನಮ್ಮ ಮನಸ್ಸು ಬದಲಾಗಿಲ್ಲ ಎಂದು ಇಬ್ಬರೂ ಹೇಳಬೇಕು. ಸೂಕ್ತ ಸಂದರ್ಭದಲ್ಲಿ ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೂ ಕಾಯುವವರು ಕಾಯುತ್ತಲೇ ಇದ್ದಾರೆ. ‘ದಿ ಆಫುಲ್ ಟ್ರೂತ್’ ಚಿತ್ರದ 90 ದಿನಗಳಿಗಿಂತ ಇದು ಎರಡು ಪಟ್ಟು. ಅರ್ಜಿ ಹಾಕಿದ ಇಬ್ಬರು ತಾರೀಕಿಗೆ ಕುಷ್ಟಗಿ ಕಡೆಯಿಂದಲೋ ಯಲಬುರ್ಗಾ ಕಡೆಯಿಂದಲೋ ಕೊಪ್ಪಳಕ್ಕೆ ಒಂದೇ ಬಸ್ಸಿನಲ್ಲಿ ಬರಬೇಕಾಗುತ್ತದೆ. ಅವನು ಮುಂದಿನ ಸೀಟಿನಲ್ಲಿ, ಅವಳು ಹಿಂದಿನ ಸೀಟಿನಲ್ಲಿ, ಟಿಕೆಟ್ ಎರಡು ತೆಗೆಯಬೇಕೋ ಒಂದೋ ಎಂದು ಪರಿಚಯದ ಕಂಡಕ್ಟರ್ ಇಬ್ಬರ ಮುಖ ನೋಡುತ್ತಾನೆ. ತವರಿನಿಂದ ಬಂದ ಎಮ್ಮೆ ಯಾರ ಕೊಟ್ಟಿಗೆಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಲು ಕರೆಯಲು ಅದು ಅವಳಿಗಷ್ಟೇ ಒಗ್ಗುತ್ತದೆ, ಮೇವು ತರುವವನು ಅವನು. ಈ ಜಗಳವನ್ನು ಯಾರೂ ಸಾಯದ ಹಾಗೆ, ಯಾರೂ ಮಣಿಯದ ಹಾಗೆ ಬರೆಯಬಲ್ಲ ಚಿತ್ರಕಥೆಗಾರ ಕೊಪ್ಪಳ ಜಿಲ್ಲೆಯಿಂದಲೇ ಬರಬೇಕೆಂಬುದು ನನ್ನ ಆಸೆ. ಅವನಿಗೆ, ಇಲ್ಲವೇ ಅವಳಿಗೆ, ಓದಿಕೊಳ್ಳಲು ನಾನು ಎರಡನ್ನು ಹೇಳುವೆ: ‘ಆ್ಯಡಮ್ಸ್ ರಿಬ್’ ಚಿತ್ರದ ಅಡಿಗೆಮನೆಯ ದೃಶ್ಯಗಳು ಮತ್ತು ಪಾರಿಜಾತದಲ್ಲಿ ಭಾಮೆ ಮುನಿದು ಕುಳಿತ ಇಡೀ ಭಾಗ.